ತೇಲುವ ಗಡ್ಡೆಯ ಮೇಷ್ಟ್ರು

ನಮ್ಮ ರಸಾಯನಶಾಸ್ತ್ರದ ಮೇಷ್ಟ್ರ ತೋಳುಗಳು ನಡೆಯುವಾಗಲೂ ಮೈಗೆ ತಾಗುತ್ತಿರಲಿಲ್ಲ. ಎದೆಯೇ ಆಮ್ಲಜನಕ, ಮುಷ್ಟಿಗಳೆರಡು ಜಲಜನಕ ಎಂದು ಇಪ್ಪತ್ತು ವರ್ಷ ತಮ್ಮ ದೇಹವನ್ನೇ ನೀರಿನ ಅಣುವಾಗಿಸಿ ತೋರಿಸುತ್ತ ಬಂದಿದ್ದರಿಂದ ಆ ಕೋನ ಹೆಗಲಿನಲ್ಲೇ ಉಳಿದುಬಿಟ್ಟಿತ್ತು. ಬೂದು ಕೋಟಿನ ಕಂಕುಳು ವರ್ಷವರ್ಷವೂ ಹರಿಯುತ್ತಿತ್ತು. ಬೆನ್ನ ಹಿಂದೆ ನಾವು ಅವರನ್ನು, ನೀರಿನ ಅಣುವಿನ ಆ ಕೋನದ ಅಳತೆಯನ್ನೇ ಹಿಡಿದು, ನೂರಾನಾಲ್ಕೂವರೆ ಡಿಗ್ರಿ ಎನ್ನುತ್ತಿದ್ದೆವು. ಕೋನವಾದರೂ ನೆನಪಿದೆಯಲ್ಲ ಎಂದು ಅವರಿಗೆ ಸಂತೋಷ.

ನಮ್ಮದು ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟುವ ಹಿಮದ ನಾಡಿನ ಊರು. ಪ್ರತಿ ಚಳಿಗಾಲವೂ ಎಲ್ಲ ತರಗತಿಗಳಿಗೂ ಅದೇ ಪಾಠ. ಮೊದಲು ಮೂವತ್ತು ಮಂದಿ ಒಂದು ಮೂಲೆಯಲ್ಲಿ ನೂಕಾಡಬೇಕು, ಅದು ನೀರು. ಆಮೇಲೆ ತೋಳು ಚಾಚಿ ಪಕ್ಕದವರನ್ನು ಹಿಡಿದು ಅಲುಗದೆ ನಿಲ್ಲಬೇಕು, ಅದು ಮಂಜುಗಡ್ಡೆ. "ಅಂದ್ರೆ ಏನಾಯ್ತು?" ಎಂಬುದು ಅವರ ಮಾತಿಗೊಮ್ಮೆ ಬರುವ ಪ್ರಶ್ನೆ. ಅಷ್ಟೇ ಜನಕ್ಕೆ ಇಡೀ ಕೋಣೆ ಸಾಲದಾಗುತ್ತಿತ್ತು. ನಡುನಡುವೆ ಇಷ್ಟು ಜಾಗ ಖಾಲಿ ಇರುವುದರಿಂದ ಗಡ್ಡೆ ಹಗುರ, ಹಗುರವಾದ್ದರಿಂದ ಅದು ತೇಲಿ ಕೆರೆಗೆ ಸೂರಾಗುತ್ತದೆ, ಸೂರಿನಡಿ ಮೀನುಗಳು ಬದುಕುತ್ತವೆ ಎಂದು ಪ್ರತಿ ಸಲವೂ ಹೊಸದೆಂಬಂತೆ ಹೇಳುತ್ತಿದ್ದರು.

ನನ್ನ ಬೆಂಚಿನ ಹುಡುಗಿ, ಲ್ಯಾಬಿನ ಅಟೆಂಡರಮ್ಮನ ಒಬ್ಬಳೇ ಮಗಳು, ಆ ಮೀನುಗಳನ್ನು ನೋಡಲು ಕೆರೆಯ ಮೇಲೆ ನಡೆದಳು. ಸೂರು ಎರಡು ಬೆರಳು ದಪ್ಪವೂ ಇರಲಿಲ್ಲ. ಎಷ್ಟು ದಪ್ಪವಿದ್ದರೆ ಮನುಷ್ಯರನ್ನು ಹೊರುತ್ತದೆ ಎಂಬುದೊಂದನ್ನು ಮೇಷ್ಟ್ರು ಹೇಳಿರಲಿಲ್ಲ.

ಮರುವರ್ಷ ಪಾಠಕ್ಕೆ ಗಡ್ಡೆ ತೇಲುವ ಬೋಗುಣಿಯನ್ನು ಅಟೆಂಡರಮ್ಮನೇ ತಂದಿಟ್ಟರು. ಇಟ್ಟವರು ಹೋಗಲಿಲ್ಲ.

"ಇದು ಮುಳುಗೋ ಹಾಗಿದ್ದಿದ್ರೆ ನನ್ನ ಮಗಳು ಉಳೀತಿದ್ಲಾ, ಮೇಷ್ಟ್ರೇ?"

ಮೇಷ್ಟ್ರ ತೋಳುಗಳು ಚಾಚಿಕೊಂಡೇ ಇದ್ದವು. ಸುಳ್ಳು ಹೇಳಿ ಪಾರಾಗುವ ಜಾಣತನ ಅವರಿಗೆ ಎಂದೂ ಇರಲಿಲ್ಲ.

"ಕೆರೆ ತಳದಿಂದಲೇ ಗಟ್ಟಿಯಾಗ್ತಿತ್ತಮ್ಮ. ಅವಳು ಮುಳುಗ್ತಿರಲಿಲ್ಲ. ನೋಡೋಕೆ ಮೀನೂ ಇರ್ತಿರಲಿಲ್ಲ." ಮತ್ತೆ ಹೇಳಿದರು: "ನೀರಿನ ತಪ್ಪೇನಿಲ್ಲ. ತಪ್ಪು ನಂದು."

ಆಕೆ ಅಲ್ಲವೆನ್ನಲಿಲ್ಲ. ಅಂದು ಇಳಿದ ತೋಳುಗಳು ಮತ್ತೆ ಏಳಲಿಲ್ಲ, "ಅಂದ್ರೆ ಏನಾಯ್ತು?" ಎಂಬ ಮಾತೂ ನಿಂತಿತು. ಮರುದಿನದಿಂದ ಮೇಷ್ಟ್ರು ಬೆಳಗ್ಗೆ ಎದ್ದು ಕೆರೆಯ ಅಂಚಿನ ಗಡ್ಡೆ ಕೊರೆದು, ಅದರ ದಪ್ಪ ಅಳೆದು, ಶಾಲೆಯ ಗೇಟಿನ ಹಲಗೆಯ ಮೇಲೆ ಬರೆಯತೊಡಗಿದರು. ನಿವೃತ್ತರಾದ ಮೇಲೂ ಬಿಡಲಿಲ್ಲ. ಅವರು ಹಾಸಿಗೆ ಹಿಡಿದ ಚಳಿಗಾಲ ಹಲಗೆಯ ಮೇಲಿನ ಅಂಕಿ ಅಟೆಂಡರಮ್ಮನ ಸೊಟ್ಟ ಅಕ್ಷರದಲ್ಲಿತ್ತು. ಆಕೆ ಅವರನ್ನು ನೋಡಲು ಮಾತ್ರ ಹೋಗಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತಿಗೆ ಗಾದೆಯಿಲ್ಲ. ಕಲಿಸುವವರು ಅದನ್ನು ಸಾಯುವವರೆಗೂ ಹೊರುತ್ತಾರೆ.