ಬಿಲ್ಲೆಯ ಮೇಲಿನ ವಿಳಾಸ

ಜ್ವರ ಬಿಟ್ಟ ಬೆಳಿಗ್ಗೆ ಏಡಿ ಅಕ್ಕ ದೋಣಿ ಕಟ್ಟುವ ದಕ್ಕೆಗೆ ಬಂದಾಗ ಪಕ್ಕದ ದೋಣಿಯ ತಗಡಜ್ಜ ಮುಖದ ತುಂಬ ನಗು ಹೊತ್ತು ಕೂತಿದ್ದ. ಅಜ್ಜನ ಮುಖದಲ್ಲಿ ಅಷ್ಟು ನಗು ಇದೆ ಅಂದರೆ ಯಾರಿಗೋ ಕೇಳದೆ ಉಪಕಾರ ಮಾಡಿದ್ದಾನೆ ಅಂತಲೇ ಅರ್ಥ.

"ಬಾ ತಾಯಿ. ನಿನ್ನ ಬೋನೆಲ್ಲ ಎತ್ತಿ, ಏಡಿ ತೆಗೆದು ಮತ್ತೆ ಇಳಿಸಿದೀನಿ. ತಗಡಿನ ಬಿಲ್ಲೇನೂ ಕಟ್ಟಿದೀನಿ."

"ಯಾವ ಬಿಲ್ಲೆ?"

"ಜ್ವರದಲ್ಲಿ ಲೋಕಾನೇ ಮರೆತ್ಯಾ? ಬೋನಿನ ಮೇಲೆ ಯಜಮಾನರ ಹೆಸರು, ಮನೆ ವಿಳಾಸ ಇಲ್ದಿದ್ರೆ ಸೋಮವಾರದಿಂದ ಮೀನುಗಾರಿಕೆ ಇಲಾಖೆಯವ್ರು ಎತ್ಕೊಂಡು ಹೋಗ್ತಾರಂತೆ. ನಿನ್ನ ಲೈಸೆನ್ಸು ದೋಣಿ ಪೆಟ್ಟಿಗೇಲೇ ಇತ್ತು. ನೋಡ್ಕೊಂಡು ತಗಡಿನ ಮೇಲೆ ಕುಟ್ಟಿದೀನಿ, ಬಾಗಿಲ ನಂಬರ್ ಸಮೇತ!"

ಅಜ್ಜನ ತಪ್ಪೇನೂ ಇಲ್ಲ. ಆ ನೀರಿನ ರೂಢಿಯೇ ಹಾಗೆ. ಒಬ್ಬರು ಹಾಸಿಗೆ ಹಿಡಿದರೆ ಪಕ್ಕದ ದೋಣಿಯವರು ಅವರ ಬೋನು ಎತ್ತುತ್ತಾರೆ. ಹಗ್ಗ ಹರಿದು ತೇಲಿಹೋದ ಬೋನು ಯಾರ ಕೈಗೆ ಸಿಕ್ಕಿತೋ ಅವರೇ ಅದನ್ನು ಹೊತ್ತು ಯಜಮಾನರ ಮನೆ ಬಾಗಿಲಿಗೆ ಮುಟ್ಟಿಸುತ್ತಾರೆ. ಈಚೆ ದಡದಲ್ಲೂ ಹಾಗೇ, ಆಚೆ ದಡದಲ್ಲೂ ಹಾಗೇ.

ಆಚೆ ದಡದಲ್ಲೇ ಅವಳ ಗಂಡ ಇದ್ದ. ಬಲೆ ಹೊಲಿಯುವ ಕೆಲಸ, ಊರಿಗೆಲ್ಲ ಬೇಕಾದ ಮನುಷ್ಯ. ಅವನು ಮುರಿದ ಅವಳ ಮಣಿಕಟ್ಟು ವಕ್ರವಾಗಿಯೇ ಕೂಡಿಕೊಂಡಿತ್ತು. ಮಗಳನ್ನು ಕರೆದುಕೊಂಡು ಅವಳು ಅವನಿಂದ ತಪ್ಪಿಸಿಕೊಂಡು ನೀರು ದಾಟಿ ಬಂದದ್ದು ಈ ದಕ್ಕೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ, "ನಮ್ಮದು ದೂರ" ಅಂದು ಮಾತು ಮರೆಸುತ್ತಿದ್ದಳು.

"ಯಾರನ್ನ ಕೇಳಿ ಕಟ್ಟಿದ್ರಿ ಅಜ್ಜಾ?"

"ಇದಕ್ಕೂ ಕೇಳ್ಬೇಕಾ?" ಅಜ್ಜನ ನಗು ಅರ್ಧಕ್ಕೇ ನಿಂತಿತು.

ಅವಳು ಆಗಲೇ ದೋಣಿ ಹತ್ತಿದ್ದಳು. ಮೈಯಲ್ಲಿ ಇನ್ನೂ ಜ್ವರದ ಸುಸ್ತಿತ್ತು. ಬೋನಿನ ಗುರುತಿಗೆ ತೇಲುವ ಡಬ್ಬಿಯನ್ನು ಹಿಡಿದು ಹಗ್ಗ ಎಳೆಯುವುದು, ಇಕ್ಕಳದಿಂದ ಬಿಲ್ಲೆ ಕಿತ್ತು ಕಾಲಡಿಗೆ ಎಸೆಯುವುದು, ಮುಂದಿನ ಡಬ್ಬಿಗೆ ಹೋಗುವುದು. ಒಳಗಿದ್ದ ಏಡಿಗಳ ಕಡೆ ನೋಡಲೂ ಇಲ್ಲ. ಕೊನೆಯ ಬೋನು ಯಾಂತ್ರಿಕ ದೋಣಿಗಳು ಓಡಾಡುವ ದಾರಿಯ ಪಕ್ಕದಲ್ಲಿತ್ತು. ಯಾವುದೋ ದೋಣಿ ಹಗ್ಗ ಹರಿದಿರಬೇಕು, ಅಲ್ಲಿ ಡಬ್ಬಿಯೂ ಇರಲಿಲ್ಲ, ಬೋನೂ ಇರಲಿಲ್ಲ. ಇಳಿತದ ನೀರು ಆಚೆ ದಡದ ಕಡೆಗೆ ಸರಸರ ಹರಿಯುತ್ತಿತ್ತು.

ಅಲ್ಲಿಂದ ನೇರ ಇಲಾಖೆಯ ಆಫೀಸಿಗೆ ಹೋದಳು. ಕಿಟಕಿಯ ಹಿಂದಿದ್ದ ಹೆಂಗಸು ತಲೆ ಎತ್ತದೆ ಹೇಳಿದಳು: "ಹೆಸರು ಬೇಡ ಅಂದ್ರೆ ನಂಬರ್ ಹಾಕ್ಕೋಬಹುದು. ಯಾರ ನಂಬರ್ ಯಾವ್ದು ಅನ್ನೋದು ನಮ್ಮಲ್ಲಿ ಮಾತ್ರ ಇರುತ್ತೆ. ಯಾರೂ ಕೇಳಲ್ಲ, ನಾವೂ ಹೇಳಲ್ಲ."

"ಯಾರಾದ್ರೂ ಬಂದು ಈ ನಂಬರ್ ಯಾರದು ಅಂತ ಕೇಳಿದ್ರೆ?"

"ಹೇಳಲ್ಲ."

"'ನಾನು ಅವಳ ಗಂಡ' ಅಂದ್ರೆ?"

ಹೆಂಗಸು ಈಗ ತಲೆ ಎತ್ತಿದಳು. ಏಡಿ ಅಕ್ಕನ ವಕ್ರ ಮಣಿಕಟ್ಟನ್ನೂ ನೋಡಿದಳು. "ಗಂಡ ಅಂದ್ರೂ ಹೇಳಲ್ಲಮ್ಮ."

ನಂಬರ್ ಸಿಕ್ಕಿತು. ತಪ್ಪಿಸಿಕೊಂಡ ಬೋನಿಗೆ ಅದನ್ನು ಕಟ್ಟುವುದು ಹೇಗೆ? ಮನೆಯಲ್ಲಿ ಕೂತರೆ ನಿಲ್ಲಬೇಕು, ನಿಂತರೆ ಕಿಟಕಿಗೆ ಹೋಗಬೇಕು. ಒಲೆಯ ಮೇಲಿನ ಹಾಲು ಉಕ್ಕಿತು. ಬೀದಿಯಲ್ಲಿ ಬೈಕು ನಿಂತ ಸದ್ದಾದರೆ ಬಾಗಿಲ ಚಿಲಕ ಮತ್ತೆ ಎಳೆದು ನೋಡುತ್ತಿದ್ದಳು.

"ಅಮ್ಮಾ, ಆ ಚಿಲಕ ಸವೆದುಹೋಗುತ್ತೆ, ಬಿಡು," ಅಂದಳು ಮಗಳು.

ಮೂರನೆಯ ದಿನ ಬಾಗಿಲು ಬಡಿದ ಸದ್ದು. ಕಿಟಕಿಯಿಂದ ನೋಡಿದರೆ, ಹೆಗಲ ಮೇಲೆ ಬೋನು ಹೊತ್ತ ಗುರುತಿಲ್ಲದ ಹುಡುಗ.

"ನಿಮ್ಮದೇ ತಾನೇ ಅಕ್ಕ? ಆಚೆ ದಡದಲ್ಲಿ ಸಿಕ್ತು. ಈ ಬೀದಿ ಯಾವ ಕಡೆ ಅಂತ ನನಗೆಲ್ಲಿ ಗೊತ್ತು? ನಮ್ಮ ದಡದ ಐಸ್ ಫ್ಯಾಕ್ಟರಿ ಹತ್ರ ಬಿಲ್ಲೆ ಹಿಡ್ಕೊಂಡು ಸಿಕ್ಕಸಿಕ್ಕೋರನ್ನೆಲ್ಲ ಕೇಳಿದೆ."

"ಯಾರ್ಯಾರನ್ನ?"

"ಎಲ್ರನ್ನೂ! ಬಲೆ ಹೊಲಿಯೋ ಅಣ್ಣ ಒಬ್ರು ಎರಡೆರಡು ಸಲ ಓದಿದ್ರು. 'ಕೊಡಿಲ್ಲಿ, ನಾನೇ ಮುಟ್ಟಿಸ್ತೀನಿ' ಅಂದ್ರು. ನಾನೆಲ್ಲಿ ಬಿಡ್ತೀನಿ? ಸಿಕ್ಕಿದೋರೇ ಮುಟ್ಟಿಸ್ಬೇಕಲ್ವಾ?"

"ಅದಕ್ಕೆ ಏನಂದ್ರು?"

"ಏನೂ ಇಲ್ಲ. ನಕ್ಕರು."

ಹುಡುಗನಿಗೆ ನೀರು ಕೊಟ್ಟಳು, ಒಳ್ಳೇದಾಗಲಿ ಅಂದಳು. ಅವನು ತಿರುವು ದಾಟುವ ಮೊದಲೇ ಮಂಚದಡಿಯ ಚೀಲ ಎಳೆದು ಬಟ್ಟೆ ತುರುಕತೊಡಗಿದಳು.

ಮಗಳು ಬಂದು ಆ ಚೀಲದ ಮೇಲೆಯೇ ಕೂತುಬಿಟ್ಟಳು. "ನಾನು ಬರಲ್ಲ."

"ಏಳೇ, ಹಟ ಮಾಡ್ಬೇಡ."

"ಹೋದಲ್ಲೂ ಇನ್ನೊಂದು ಕಾನೂನು ಬರುತ್ತೆ. ಇನ್ನೊಬ್ಬ ಅಜ್ಜ ಉಪಕಾರ ಮಾಡ್ತಾನೆ. ಆಮೇಲೆ? ಅಜ್ಜಂಗೆ ಗೊತ್ತಿದ್ದಿದ್ರೆ ಕಟ್ತಿದ್ನಾ? ನೀನು ಯಾರಿಗೆ ಏನು ಹೇಳಿದ್ದೆ?"

ತಾಯಿ ಕೈಲಿದ್ದ ಬಟ್ಟೆ ಕೆಳಗಿಟ್ಟಳು. ಮಗಳ ಕೈ ಹಿಡಿದು ದಕ್ಕೆಗೆ ನಡೆದಳು. ದೋಣಿಗಳು ಮರಳಿ, ಬುಟ್ಟಿಗಳು ಇಳಿಯುವ ಹೊತ್ತು. ಐಸ್ ಮಾರುವವಳ ಗಾಡಿಯ ಪಕ್ಕ ನಿಂತು, "ಸ್ವಲ್ಪ ಕೇಳಿ" ಅಂದಳು. ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿಯೇ ಹೇಳಬೇಕಾಯಿತು. ಗಂಡ, ಮಣಿಕಟ್ಟು, ನೀರು ದಾಟಿದ್ದು, ಬಿಲ್ಲೆ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು.

ತಗಡಜ್ಜ ಬುಟ್ಟಿಯ ಮೇಲೆ ಕುಸಿದು ಕೂತ. "ನಾನೇ ಅವ್ನಿಗೆ ನಿನ್ನ ಮನೆ ದಾರಿ ತೋರಿಸ್ದಂಗಾಯ್ತಲ್ಲೇ..."

"ನೀನು ಆಮೇಲೆ ಅಳು ಅಜ್ಜಾ, ತಡಿ," ಅಂದಳು ಐಸ್ ಮಾರುವವಳು. "ಇಷ್ಟು ದಿನ ಯಾಕಮ್ಮ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಹೇಳಿದ್ರೆ ಸುದ್ದಿ ನೀರು ದಾಟುತ್ತೆ ಅಂತ."

"ಈಗ ದಾಟಾಯ್ತಲ್ಲ! ಇನ್ನು ನಮಗೆ ಹೇಳೋಕೇನು? ಇವತ್ತು ತಾಯಿ ಮಗಳು ನನ್ನ ಮನೇಲಿ ಮಲಗಿ. ನನ್ನ ಗಂಡನ ಗೊರಕೆ ಕೇಳಿದ್ರೆ ಯಾವ ಕಳ್ಳನೂ ಹತ್ರ ಬರಲ್ಲ. ಈಗ ಹೇಳು, ಆಳು ಹೇಗಿದ್ದಾನೆ?"

ಏಡಿ ಅಕ್ಕ ಹೇಳತೊಡಗಿದಳು. ಎತ್ತರದ ಮನುಷ್ಯ, ನಡೆಯುವಾಗ ಎಡಗಾಲು ತುಸು ಎಳೆಯುತ್ತಾನೆ, ಮೊದಲು ತುಂಬ ಮರ್ಯಾದೆಯಿಂದ ಮಾತಾಡುತ್ತಾನೆ. ಹೇಳುತ್ತ ಹೇಳುತ್ತ ಅವಳ ಕಣ್ಣು ರಸ್ತೆಯ ತಿರುವು ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ, ಬುಟ್ಟಿ ಇಳಿಸುತ್ತಿದ್ದವರ ಕಣ್ಣೂ ಅಲ್ಲೇ ಇತ್ತು.