ಏಳನೇ ನಂಬರಿನ ಕಟ್ಟೆ

ನಾಗಲಿಂಗಮ್ಮನವರ ಕಟ್ಟೆಯ ಮೇಲೆ ನಾನು ಹದಿನಾಲ್ಕು ದಿನ ಕೂತಿದ್ದೆ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಿಂದ ಸಂತೆ ಮೈದಾನಕ್ಕೆ ಹೋಗುವ ಬೀದಿಯಲ್ಲಿ ಎಷ್ಟು ಜನ ನಡೆದು ಹೋಗುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಅದು 1999ರ ಫೆಬ್ರವರಿ. ದಾವಣಗೆರೆಯ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ನಾನು ನಕ್ಷೆ ಬರೆಯುವವನು. ಹಗಲು ಅಲ್ಲೇ ದುಡಿದು, ಸಂಜೆ ತರಗತಿಗಳಿಗೆ ಹೋಗಿ ಐದು ವರ್ಷದಲ್ಲಿ ಡಿಪ್ಲೊಮಾ ಮುಗಿಸಿದ್ದೆ. ಹಗಲು ಹೊತ್ತು ಓದಿದವರಿಗೆ ಗೊತ್ತಿರುವುದೇನೋ ನನಗೆ ತಪ್ಪಿಹೋಗಿದೆ ಎಂಬ ಅಳುಕು ಮಾತ್ರ ಹೋಗಿರಲಿಲ್ಲ. ಒಂದೊಂದು ಅಳತೆಯನ್ನೂ ಮೂರು ಸಲ ಹಿಡಿಯುತ್ತಿದ್ದೆ.

"ಏನ್ ಬರೀತಿಯೋ ತಮ್ಮ, ದಿನಾ?" ಎಂದು ಮೂರನೇ ದಿನ ನಾಗಲಿಂಗಮ್ಮ ಕೇಳಿದರು.

"ನಡಕೊಂಡು ಹೋಗೋ ಮಂದೀನ ಎಣಸ್ತೀನಮ್ಮ."

"ನಮ್ಮ ಓಣಿ ಮೈಲಪ್ಪನೂ ದಿನಾ ಕುರಿ ಎಣಸ್ತಾನ. ಅವನಿಗೆ ಕಂಬಳಿ ನೇಯಾಕ ಉಣ್ಣಿಯಾದ್ರೂ ಸಿಗ್ತೈತಿ. ನಿನಗೇನು ಸಿಗ್ತೈತಪ?"

"ನೀವು ಕೊಡೋ ನೀರು."

"ಮಾತಿಗೇನು ಕಮ್ಮಿ ಇಲ್ಲ ಬಿಡು" ಎಂದು ತಂಬಿಗೆ ಇಟ್ಟು ಒಳಗೆ ಹೋದರು.

ಆ ಬೀದಿಯಲ್ಲಿ ಅಷ್ಟು ಉದ್ದದ ನೆರಳು ಇನ್ನೊಂದಿರಲಿಲ್ಲ. ನಾಲ್ಕು ಕಂಬ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಉಜ್ಜಿ ಉಜ್ಜಿ ನುಣುಪಾದ ಕಲ್ಲು ಚಪ್ಪಡಿ, ಮೂಲೆಯಲ್ಲಿ ನೀರಿನ ಗಡಿಗೆ. ಹಂಪಸಾಗರದ ಕಡೆಯ ಬಸ್ಸಿಳಿದು ಬಂದವರು ತಲೆಮೇಲಿನ ಗಂಟನ್ನು ಅಲ್ಲಿಳಿಸಿ, ಸುಧಾರಿಸಿಕೊಂಡು, ನೀರು ಕುಡಿದು ಮುಂದೆ ಹೋಗುತ್ತಿದ್ದರು. ಸಂತೆಯ ದಿನ ಒಂದು ತಾಸಿನಲ್ಲಿ ಅರವತ್ತೆರಡು ಮಂದಿ ಕೂತೆದ್ದಿದ್ದನ್ನು ನಾನೇ ಬರೆದುಕೊಂಡಿದ್ದೇನೆ.

"ಈ ಬಾಗಿಲ, ಈ ಕಂಬ ಎಲ್ಲಾ ನಮ್ಮ ಹಳೇ ಊರಿನವು" ಎಂದು ಒಮ್ಮೆ ನಾಗಲಿಂಗಮ್ಮ ಹೇಳಿದ್ದರು. "ಡ್ಯಾಮಿನಾಗ ಊರು ಮುಳುಗ್ತು. ಆಗಿನ್ನ ನಾನು ಮದುವಿಯಾಗಿ ಬಂದು ವರ್ಷ ತುಂಬಿದ್ದಿಲ್ಲ. ಬಾಗಿಲ ಚಕ್ಕಡ್ಯಾಗ ಮುಂದ, ನಾವು ಹಿಂದ."

ನಾನು ಪುಸ್ತಕದಲ್ಲಿ "ಸಾಗುವಾನಿ ಚೌಕಟ್ಟು, ನಾಲ್ಕು ಕಂಬ, ಸುಸ್ಥಿತಿ" ಎಂದು ಬರೆದೆ. ಹೆಚ್ಚಿಗೆ ಏನೂ ಕೇಳಲಿಲ್ಲ.

ನಮ್ಮ ಎಂಜಿನಿಯರ್ ಅರುಣಕುಮಾರ್ ತಯಾರಿಸುತ್ತಿದ್ದದ್ದು 2021ರವರೆಗಿನ ಯೋಜನೆ. ಪೇಟೆಯ ಆ ಬೀದಿಗೆ ಲಾರಿ ಬಿಡದೆ, ಅದನ್ನು ನಡೆಯುವವರಿಗೇ ಮೀಸಲಿಡಬೇಕು ಎಂಬುದು ಅದರ ಮುಖ್ಯ ಮಾತು. ಇಪ್ಪತ್ತು ವರ್ಷದ ಮೇಲೆ ಈ ಊರಿನ ಮುದುಕರು ಹೇಗೆ ನಡೆದಾಡುತ್ತಾರೆ ಎಂದು ಯೋಚಿಸುವವರು ಆಗ ವಿರಳ. ಆದರೆ ನಕ್ಷೆಯ ಪದ್ಧತಿಯಲ್ಲಿ ಗೋಡೆಯಿಂದ ಹೊರಗೆ ಚಾಚಿದ್ದೆಲ್ಲ ಒತ್ತುವರಿ, ಕಟ್ಟೆಗಳೂ ಅಷ್ಟೆ. ನಾನು ಎರಡು ರಾತ್ರಿ ನಿದ್ದೆಗೆಟ್ಟು ಯೋಚಿಸಿ, ಮೂರನೇ ದಿನ ನನ್ನ ಲೆಕ್ಕದ ಪುಸ್ತಕ ಅವರ ಮುಂದಿಟ್ಟೆ.

"ಕಟ್ಟೆ ತೆಗೆದ್ರೆ ಮಂದಿ ಕೂರಾಕೆ ಜಾಗ ಇರಲ್ಲ ಸರ್. ಕೂರಾಕೆ ಜಾಗ ಇಲ್ಲಂದ್ರೆ ವಯಸ್ಸಾದವರು ನಡೆಯಾದೇ ಇಲ್ಲ."

ಅವರು ಬಹಳ ಹೊತ್ತು ಪುಟ ತಿರುವಿದರು. "ಸಂಜೆ ಕಾಲೇಜಿನಾಗೆ ಇದನ್ನೂ ಕಲಿಸ್ತಾರೇನಯ್ಯ?" ಎಂದು ನಕ್ಕು ಒಪ್ಪಿದರು. ಉಳಿಸಬೇಕಾದ ಮನೆಗಳು ಹನ್ನೊಂದು ಎಂದಾಯಿತು. ಬೀದಿಯ ನಡುವಿನ ತಂಗುದಾಣವಾಗಿ ನಾಗಲಿಂಗಮ್ಮನವರ ಕಟ್ಟೆ ಏಳನೆಯದು. ಆ ಯೋಜನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾಗಿದ್ದದ್ದು ಅದೊಂದೇ.

"ಸೋಮವಾರ ಯೋಜನೆ ಮಂಜೂರು ಮಾಡೋ ಸಮಿತಿಯವರು ನೋಡಾಕೆ ಬರ್ತಾರೆ. ಹನ್ನೊಂದು ಗೋಡೆ ಮೇಲೂ ದೂರಕ್ಕೆ ಕಾಣೋ ಹಂಗೆ ನಂಬರ್ ಹಾಕು" ಎಂದರು ಅರುಣಕುಮಾರ್. "ಯಾಕಂತ ಯಾರಿಗೂ ಬಾಯಿ ಬಿಡಬ್ಯಾಡ. ಮಂಜೂರಾಗೋಕೆ ಮುಂಚೆ ಸುದ್ದಿ ಹಬ್ಬಿದ್ರೆ ಜಾಗದ ರೇಟು ಏರಿ ಕೂರ್ತತೆ."

ಬುಧವಾರ ಮಧ್ಯಾಹ್ನ ಹೋದೆ. ನಾಗಲಿಂಗಮ್ಮನವರ ಬಾಗಿಲು ಮುಂದೆ ಮಾಡಿತ್ತು. ಒಳಗೆ ಮಲಗಿದ್ದರೇನೋ. ಕರೆಯಬೇಕೆಂದು ಕೈ ಎತ್ತಿದೆ. ಕರೆದರೆ ಕೇಳುತ್ತಾರೆ, ಕೇಳಿದರೆ ಹೇಳುವಂತಿಲ್ಲ, ಸುಳ್ಳು ಹೇಳಲು ನನಗೆ ಬಾರದು. ಕೈ ಇಳಿಸಿ, ಕೆಂಪು ಬಣ್ಣದಲ್ಲಿ ಏಳು ಬರೆದು ಸುತ್ತ ಒಂದು ಸುತ್ತು ಎಳೆದೆ. ಯಾರೂ ಎದ್ದು ಬರಲಿಲ್ಲವೆಂದು ಸಮಾಧಾನವಾಯಿತು. ಈಗ ಬರೆಯುವಾಗಲೂ ಆ ಸಮಾಧಾನ ನೆನಪಾಗಿ ನಾಚಿಕೆಯಾಗುತ್ತದೆ.

ಸೋಮವಾರ ಸಮಿತಿಯವರಿಗಿಂತ ಒಂದು ತಾಸು ಮುಂಚೆ ಬಸ್ಸಿಳಿದೆ. ಬೀದಿ ತಿರುಗಿದೊಡನೆ ಬೆಳಕು ಹೆಚ್ಚಿದಂತೆ ಕಂಡಿತು. ನಾಗಲಿಂಗಮ್ಮನವರ ಮನೆಯ ಮುಂದೆ ಕಂಬಗಳಿರಲಿಲ್ಲ. ಮಾಳಿಗೆಯ ಮಣ್ಣು ಬೀದಿಯಲ್ಲಿ ಗುಡ್ಡೆ ಬಿದ್ದಿತ್ತು. ಚೌಕಟ್ಟು ಕಿತ್ತ ಬಾಗಿಲಿನ ಜಾಗ ಬಾಯಿ ತೆರೆದುಕೊಂಡಿತ್ತು. ಚಪ್ಪಡಿಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು. ನಾಗಲಿಂಗಮ್ಮ ಒಂದು ತೊಲೆಯ ಮೇಲೆ ಕೂತಿದ್ದರು, ಕೂದಲೆಲ್ಲ ಮಣ್ಣು. ಗೋಡೆಯ ಮೇಲೆ ನನ್ನ ಏಳು ಹಾಗೇ ಇತ್ತು.

"ಬಂದ್ಯಾ ತಮ್ಮ" ಎಂದರು. "ನೀರಿಲ್ಲಪ ಇವತ್ತು. ಗಡಿಗಿ ಒಡೀತು."

"ಏನಿದಮ್ಮ? ಯಾರು ಕೆಡವಿದ್ರು?"

"ನಾವ. ಮತ್ಯಾರು? ಹಳೇ ಊರಾಗೂ ಹಿಂಗ ಕೆಂಪು ನಂಬರ್ ಬರದಿದ್ರು, ಹಿಂಗ ಸುತ್ತು ಹಾಕಿ. ನಂಬರ್ ಬಿದ್ದ ಮರುದಿನಾನ ನಮ್ಮ ಮಾವ ಬಾಗಿಲ, ಕಂಬ ಬಿಚ್ಚಿಸಿದ. ಕೇಳಿಕೊಂಡು ಬರ್ತೀವಿ ಅಂತ ಆಫೀಸಿಗೆ ತಿರುಗಿದವರ ಬಾಗಿಲ ನೀರು ಪಾಲಾದ್ವು." ಬೀದಿಯ ಕಡೆ ಕೈ ತೋರಿಸಿದರು. "ಆಚಿ ಚೌಡಣ್ಣನೂ ಬಿಚ್ಚಾಕ ಹತ್ಯಾನ ನೋಡು. ಅವರೂ ಮುಳುಗಡಿ ಮಂದಿನ."

ನೋಡಿದೆ. ನಂಬರ್ ಹಾಕಿದ ಹನ್ನೊಂದರಲ್ಲಿ ಐದು ಮನೆಗಳ ಮುಂದೆ ಮಣ್ಣು ಬಿದ್ದಿತ್ತು.

"ಯಾವಾಗ ಬರ್ತಾರಪ ಒಡಿಯಾಕ?" ಎಂದು ಕೇಳಿದರು.

ಸುಳ್ಳು ಬರುತ್ತಿದ್ದರೆ ಹೇಳುತ್ತಿದ್ದೆನೇನೋ. "ಒಡಿಯಾಕಲ್ಲಮ್ಮ. ಉಳಿಸಾಕೆ. ಯಾವ ಕಟ್ಟೆ ಮುಟ್ಟಬಾರದೋ ಅದಕ್ಕೆ ನಂಬರ್ ಹಾಕಿದ್ದು. ನಾನೇ ಹಾಕಿದ್ದು" ಎಂದೆ.

ನಾಗಲಿಂಗಮ್ಮ ನನ್ನ ಮುಖವನ್ನೇ ನೋಡಿದರು. ಅವರ ಮಗ ಜಂಬಣ್ಣ ಟ್ರ್ಯಾಕ್ಟರಿನ ಹತ್ತಿರ ಆಳುಗಳಿಗೆ ಏನೋ ಹೇಳುತ್ತಿದ್ದ. ಅವನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನನ್ನ ಮುಂದ ಹೇಳಿದಿ. ಅವನ ಮುಂದ ಹೇಳಬ್ಯಾಡ. ಬ್ಯಾಡವ್ವ, ಎರಡು ದಿನ ತಡಿ, ಕೇಳಿಕೊಂಡು ಬರ್ತೀನಿ ಅಂದಿದ್ದ. ನಾನ ಕೇಳಲಿಲ್ಲ."

ಕೂದಲ ಮಣ್ಣು ಕೊಡವಿಕೊಳ್ಳುತ್ತ, "ಅವತ್ತು ಒಂದ್ಸಲ ಬಾಗಿಲ ತಟ್ಟಬಾರದಿತ್ತೇನೋ ತಮ್ಮ?" ಎಂದರು. ಬೈದಂತೆ ಇರಲಿಲ್ಲ.

ಜೀಪು ಬಂತು. ಸಮಿತಿಯವರು ಇಳಿದು ಬೀದಿಯ ಎರಡೂ ಕಡೆ ನೋಡಿದರು. "ಮನೆಯವರೇ ಹಿಂದೆ ಸರಿದಿದ್ದಾರಲ್ಲ! ನಾವಾಗಿ ಕೇಳಿದ್ದರೆ ಹತ್ತು ವರ್ಷ ಕೋರ್ಟಿಗೆ ಅಲೆಯಬೇಕಿತ್ತು" ಎಂದರು ಹಿರಿಯರೊಬ್ಬರು. ಅರುಣಕುಮಾರ್ ನಡೆಯುವವರ ಬೀದಿಯ ಮಾತೆತ್ತಿದರು. ಆ ಹಿರಿಯರು ಬರಿದಾದ ಜಾಗವನ್ನು ಹೆಜ್ಜೆಯಲ್ಲಿ ಅಳೆದು, ನಲವತ್ತು ಅಡಿ ರಸ್ತೆಗೆ ಸಾಲುತ್ತದೆ ಎಂದರು. ಅರುಣಕುಮಾರ್ ನನ್ನ ಕಡೆ ತಿರುಗಿದರು. ನಾನು ಪುಸ್ತಕ ತೆರೆದು ಹಿಡಿದಿದ್ದೆ. ಅದನ್ನು ಯಾರೂ ಕೇಳಲಿಲ್ಲ.

ಮುಂದಿನ ವಾರ ನಕ್ಷೆ ತಿದ್ದುವ ಕೆಲಸವೂ ನನಗೇ ಬಂತು. ಟ್ರೇಸಿಂಗ್ ಹಾಳೆಯ ಮೇಲಿನ ಶಾಯಿಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಕಟ್ಟೆಗಳನ್ನು ಒಂದೊಂದಾಗಿ ಕೆರೆದೆ. ಏಳನೆಯದರ ಹತ್ತಿರ ಕೈ ಬಿಗಿಯಾಗಿ ಹಾಳೆ ತೂತಾಯಿತು. ಹಿಂದಿನಿಂದ ಚೂರೊಂದು ಅಂಟಿಸಿ ರಸ್ತೆಯ ಗೆರೆ ಎಳೆದೆ.

ರಸ್ತೆ ಆಗಲು ಆರು ವರ್ಷ ಹಿಡಿಯಿತು. 2005ರಲ್ಲಿ ಹಡಗಲಿಗೆ ಹೋಗುವಾಗ ಬಸ್ ಬದಲಿಸಲು ಅಲ್ಲಿ ಇಳಿದೆ. ಹೊತ್ತಿತ್ತು, ಬೀದಿಯಲ್ಲಿ ನಡೆದೆ. ಲಾರಿಗಳು ಅಂಗಡಿಗಳ ಮೆಟ್ಟಿಲು ತಾಗುವಂತೆ ಓಡಾಡುತ್ತಿದ್ದವು. ಉಳಿದ ಆರು ಕಟ್ಟೆಗಳನ್ನು ಯಂತ್ರ ತಂದು ಕೆಡವಿದ್ದರಂತೆ. ಏಳನೇ ಮನೆಯ ಎದುರಿಗೆ ಗಂಟು ಹೊತ್ತ ಒಬ್ಬ ಹೆಂಗಸು ನಿಂತು, ಅತ್ತ ಇತ್ತ ನೋಡಿ, ಗಂಟನ್ನು ಎಡಗಡೆಯಿಂದ ಬಲಗಡೆಗೆ ಸರಿಸಿಕೊಂಡು ಮುಂದೆ ಹೋದಳು.

"ನಕ್ಷಿ ಸರ್ ಅಲ್ಲೇನ್ರಿ?" ಎಂದು ಜಂಬಣ್ಣ ಆ ಮನೆಯ ಮುಂಭಾಗದಲ್ಲಿ ತೆರೆದಿದ್ದ ಅಂಗಡಿಯಿಂದ ಹೊರಗೆ ಬಂದ. ತಾಯಿ ತೀರಿಕೊಂಡು ಎರಡು ವರ್ಷವಾಯಿತೆಂದ. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದ. ತಗಡಿನ ಕೆಳಗೆ ನಾಲ್ಕು ಕಂಬ, ಚೌಕಟ್ಟು, ಗೋಣಿಚೀಲ ಹೊದಿಸಿ ಒರಗಿಸಿದ್ದವು.

"ಬ್ಯಾಡ ಅಂತ ಜಗಳ ಮಾಡಿದ್ದೆ ನೋಡ್ರಿ ಅವತ್ತು. ಅವ್ವಂದ ಖರೇ ಆತು. ರಸ್ತಿ ಬಂದ ಬಂತು. ಆಕಿ ಬಿಚ್ಚಿಸದಿದ್ರ ಇವೆಲ್ಲ ಯಂತ್ರದ ಬಾಯಾಗ ಹೋಗ್ತಿದ್ವು. ಹೌದಿಲ್ಲೋ?"

ಅವನು ನನ್ನ ಉತ್ತರಕ್ಕೆ ಕಾದು ನಿಂತಿದ್ದ.

"ಹೌದ್ರಿ" ಎಂದೆ.