ಕೆಂಪು ಗಾಜು, ಮೂರನೇ ನಂಬರು

ನಮ್ಮೂರ ಗೋಮಾಳದಲ್ಲಿ ಏಳು ಮನೆಯವರ ಕುರಿಗಳಿವೆ. ಆ ಚಳಿಗಾಲ ಒಂದು ನರಿ ಹನ್ನೊಂದು ಮರಿಗಳನ್ನು ತಿಂದು ತೇಗಿತ್ತು. ಬೇಟೆಗೆ ಹೋದ ಎರಡು ರಾತ್ರಿಯೂ ಬೆಳಕು ಬಿದ್ದ ತಕ್ಷಣ ಬಾಲ ತೋರಿಸಿ ಓಡಿತ್ತು. ಬೆಳಕು ಹಿಡಿದವನು ನನ್ನ ಗಂಡ ಅಪೂಲ್ಸ್. ಕರೂ ಎನ್ನುವ ಈ ಒಣ ಬಯಲಿನಲ್ಲಿ ಮೂವತ್ತು ವರ್ಷದಿಂದ ಪಿಕಪ್ಪಿನ ಹಿಂದೆ ನಿಂತು ಬೆಳಕು ಹಿಡಿಯುವವನು ಅವನೇ. ಮೊದಲ ಸಲ ತಪ್ಪಿದಾಗ ಗಾಳಿಯನ್ನು ಬೈದ, ಎರಡನೇ ಸಲ ಬಂದೂಕು ಹಿಡಿದ ಸಾರೆಲ್‌ನ ಬೂಟುಗಳ ಸದ್ದನ್ನು ಬೈದ. ನಾನೂ ನಂಬಿದೆ.

ಶನಿವಾರ ಸಂಜೆ ಸಾರೆಲ್ ಹೊಸ ಸರ್ಚ್‌ಲೈಟ್ ತಂದು ನಮ್ಮ ಅಡುಗೆಮನೆಯ ಮೇಜಿನ ಮೇಲಿಟ್ಟ. ಕೆಂಪು, ಹಸಿರು, ಹಳದಿ ಗಾಜುಗಳು. ಬೆಳಕು ಏರಿಸಲು ಇಳಿಸಲು ಒಂದರಿಂದ ಹತ್ತರವರೆಗೆ ಅಂಕಿ ಬರೆದ, ತಿರುಗಿಸುವ ಒಂದು ಗುಂಡಿ.

"ಅಪೂಲ್ಸ್ ಊಮ್, ಇವತ್ತೂ ತಪ್ಪಿದ್ರೆ ಮುಂದಿನ ವಾರ ಪಕ್ಕದೂರಿಂದ ಬೇರೆಯವರನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡಿ." ಊಮ್ ಅಂದರೆ ನಮ್ಮಲ್ಲಿ ಹಿರಿಯರನ್ನು ದೊಡ್ಡಪ್ಪ ಎಂದು ಕರೆದ ಹಾಗೆ.

"ಕರೆಸಪ್ಪ. ಹಾಗೇ ಅವನು ನಿದ್ದೆ ಮಾಡೋಕೆ ಒಂದು ದಿಂಬೂ ತಂದಿಡು" ಎಂದ ನನ್ನ ಗಂಡ. ನಕ್ಕ ಕೂಡ. ಸಾರೆಲ್ ಹೋದ ಮೇಲೆ ಮಾತ್ರ ಮುಖ ಸಣ್ಣದಾಯಿತು. ಬೆಳಕು ಹಿಡಿಯುವ ಕೆಲಸ ಹೋದರೆ ಈ ಮನುಷ್ಯ ಒಲೆಯ ಪಕ್ಕ ಕೂತೇ ಸವೆದುಹೋಗುತ್ತಾನೆಂದು ನನಗೆ ಗೊತ್ತು.

ಪರದೆ ಎಳೆದು, ಸುಣ್ಣದ ಗೋಡೆಗೆ ಒಂದೊಂದೇ ಗಾಜು ಹಾಕಿ ನೋಡಿದ.

"ಹಸಿರು ನಮ್ಮ ಕಣ್ಣಿಗೂ ಚೆಂದ, ನರಿ ಕಣ್ಣಿಗೂ ಚೆಂದ. ಬೇಡ. ಹಳದಿ ಮೊಲಕ್ಕೆ. ನರಿಗೆ ಕೆಂಪೇ ಸರಿ, ಅದಕ್ಕೆ ಕೆಂಪು ಅಷ್ಟಾಗಿ ಕಾಣಲ್ಲ."

"ಎಷ್ಟಕ್ಕಿಡೋದು?" ಎಂದು ಕೇಳಿದೆ.

"ಮೂರು. ಅದಕ್ಕಿಂತ ಮೇಲೆ ಹೋದ್ರೆ ನರಿಗೆ ಪೊಲೀಸ್ ನೋಟಿಸ್ ಕೊಟ್ಟ ಹಾಗೆ."

ಬಾಯಿ ಮೂರು ಎನ್ನುತ್ತಿತ್ತು, ಬೆರಳು ಗುಂಡಿಯನ್ನು ಎಂಟಕ್ಕೆ ತಂದು ನಿಲ್ಲಿಸಿತ್ತು. ನಾನೇ ಕೈಚಾಚಿ ಮೂರಕ್ಕೆ ಇಳಿಸಿದೆ. ಆ ಮಂದ ಬೆಳಕಿನಲ್ಲೂ ಗೋಡೆಯ ಕ್ಯಾಲೆಂಡರಿನ ತಾರೀಖುಗಳು ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

"ಬೆಳಕು ಯಾಕೆ ಆರಿಸಿದೆ?" ಎಂದ.

ಆಗ ನನಗೆ ಹೊಳೆಯಿತು. ಗಾಳಿಯೂ ಅಲ್ಲ, ಬೂಟೂ ಅಲ್ಲ. ಕಣ್ಣು ಮಂಜಾಗಿದೆ, ಅದಕ್ಕೇ ಬೆಳಕು ಏರಿಸುತ್ತಾ ಹೋಗಿದ್ದಾನೆ, ನರಿ ಓಡುತ್ತಾ ಹೋಗಿದೆ. "ಕೈ ತಗುಲ್ತು" ಎಂದು ಸುಳ್ಳು ಹೇಳಿದೆ.

ರಾತ್ರಿ ಕಾಫಿ ಫ್ಲಾಸ್ಕ್ ಹಿಡಿದು ನಾನೂ ಪಿಕಪ್ ಹತ್ತಿದೆ.

"ಲೇನಿ ಆಂಟಿ, ಇದೇನು ಪಿಕ್ನಿಕ್ಕಾ?" ಎಂದ ಸಾರೆಲ್.

"ಸತ್ತಿದ್ರಲ್ಲಿ ನಾಲ್ಕು ಮರಿ ನಂದು. ನಿಂಗೆ ಕಾಫಿ ಬೇಕೋ, ಬೇಡ್ವೋ?"

ಸಾರೆಲ್ ಗಾಡಿ ಓಡಿಸಿದ. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಹಿಂದೆ ಹತ್ತಿದ, ಗಾಡಿಯ ಮಾಡಿನ ಮೇಲೆ ಬಂದೂಕು ಊರಿದ, ನರಿಯನ್ನು ಸೆಳೆಯಲು ಗಾಯಗೊಂಡ ಮೊಲದ ಕಿರುಚಾಟವನ್ನು ಸ್ಪೀಕರ್ ಪೆಟ್ಟಿಗೆಯಿಂದ ಹೊರಡಿಸಿದ. ನಾನು ಗಂಡನ ಬೆನ್ನಿಗೆ ಅಂಟಿ ನಿಂತು ಗುಂಡಿಯನ್ನು ಮೂರಕ್ಕೆ ತಿರುಗಿಸಿದೆ. ಅವನ ಮೈ ಬಿಗಿಯಾಯಿತು.

"ನೀನು ಬೆಳಕು ತಿರುಗಿಸ್ತಾ ಹೋಗು. ನಾನು ನೋಡಿ ಹೇಳ್ತೀನಿ" ಎಂದು ಕಿವಿಯಲ್ಲಿ ಪಿಸುಗುಟ್ಟಿದೆ.

ಮೊಣಕೈಯಿಂದ ನನ್ನನ್ನು ತಿವಿದು ದೂರ ತಳ್ಳಬಹುದಿತ್ತು. ತಳ್ಳಲಿಲ್ಲ. ಬೆಳಕು ನಿಧಾನವಾಗಿ ಬಯಲಿನ ಮೇಲೆ ಹರಿಯಿತು. ಕೆಂಪು ಗಾಜಿನಲ್ಲಿ ಎಲ್ಲ ಕಣ್ಣೂ ಕೆಂಪೇ. ನಡೆ ನೋಡಿ ಪ್ರಾಣಿ ಯಾವುದೆಂದು ತಿಳಿಯಬೇಕು. ಅದು ಅವನ ವಿದ್ಯೆ, ನನ್ನದಲ್ಲ.

"ಒಂದು ಕಣ್ಣು. ಕುಪ್ಪಳಿಸ್ತಿದೆ."

"ಮೊಲ. ಬಿಡು."

"ಎರಡು. ಅಲ್ಲಾಡ್ತಿಲ್ಲ, ನಮ್ಮನ್ನೇ ನೋಡ್ತಿದೆ."

"ನಿನ್ನ ಕುರಿಯೇ ಇರ್ಬೇಕು. ನಿನ್ನ ಹಾಗೇ ದುರುಗುಟ್ಟುತ್ತೆ."

ನಗು ತಡೆಯಲು ಅವನ ಕೋಟನ್ನು ಕಚ್ಚಿದೆ. ಆಮೇಲೆ ಕಲ್ಲುಗುಪ್ಪೆಯ ಬಳಿ ಎರಡು ಕಿಡಿ ಕಂಡವು, ಆರಿದವು, ಸ್ವಲ್ಪ ಬಲಕ್ಕೆ ಮತ್ತೆ ಕಂಡವು.

"ನೋಡುತ್ತೆ, ಮುಖ ತಿರುಗಿಸುತ್ತೆ. ಮತ್ತೆ ನೋಡುತ್ತೆ."

"ಅದೇ ಕಳ್ಳ" ಎಂದ ಅಪೂಲ್ಸ್. ತಾನೇ ಗುಂಡಿಯನ್ನು ಎರಡಕ್ಕೆ ಇಳಿಸಿದ, ಬೆಳಕಿನ ನಡುಭಾಗವನ್ನು ಮೇಲೆತ್ತಿ ಅಂಚನ್ನು ಮಾತ್ರ ನೆಲದ ಮೇಲೆ ಉಳಿಸಿದ. ಅವನಿಗೆ ಅಲ್ಲಿ ಬರೀ ಕತ್ತಲೆ. ಆದರೂ ನರಿಯ ಜೊತೆಗೆ, ನನ್ನ ಪಿಸುಮಾತಿನ ಅಳತೆಯಲ್ಲಿ, ಬೆಳಕಿನ ಅಂಚು ನಡುಗದೆ ಹತ್ತಿರ ಬಂತು. ಎಂಬತ್ತು ಹೆಜ್ಜೆ ದೂರದಲ್ಲಿ ನರಿ ನಿಂತಿತು. ಗುಂಡು ಹಾರಿತು.

"ಬಿತ್ತು!" ಸಾರೆಲ್ ಕುಣಿದಾಡಿಬಿಟ್ಟ. "ಊಮ್, ಏನ್ ಕಣ್ಣು ನಿಮ್ದು! ಇನ್ನೂ ಇಪ್ಪತ್ತು ವರ್ಷ ನೀವೇ ಹಿಡೀಬೇಕು."

ಸಾಯುವವರೆಗೂ ಈ ಗುಟ್ಟು ಬಿಡದಿರಲು ನಾನು ತಯಾರಾಗಿದ್ದೆ.

"ನಂಗೇನೂ ಕಾಣ್ಲಿಲ್ಲ ಸಾರೆಲ್" ಎಂದ ನನ್ನ ಗಂಡ. "ಇವತ್ತೂ ಕಾಣ್ಲಿಲ್ಲ, ಅವತ್ತು ಎರಡು ಸಲಾನೂ ಕಾಣ್ಲಿಲ್ಲ. ನಿನ್ನ ಬೂಟಿಗೆ ಸುಮ್ನೆ ಬೈದೆ. ನೋಡಿದ್ದೆಲ್ಲಾ ಇವಳು."

ಸಾರೆಲ್ ತನ್ನ ಬೂಟುಗಳನ್ನು ನೋಡಿಕೊಂಡ. ಕೊನೆಗೆ, "ಹಾಗಾದ್ರೆ ಮುಂದಿನ ಸಲ ಇಬ್ರೂ ಬರ್ಬೇಕು" ಎಂದ.

ಅಪೂಲ್ಸ್ ಸರ್ಚ್‌ಲೈಟಿನ ಪಟ್ಟಿಯನ್ನು ತನ್ನ ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದ. ಪಿಕಪ್ಪಿನಿಂದ ಯಾವತ್ತೂ ಹಾರಿ ಇಳಿಯುತ್ತಿದ್ದವನು ಅಂದು ನನ್ನ ಭುಜ ಹಿಡಿದುಕೊಂಡು ಇಳಿದ. ಅವನಿಗೆ ದಾರಿ ಕಾಣಲೆಂದು ಕೆಂಪು ಗಾಜು ತೆಗೆದು ಗುಂಡಿಯನ್ನು ಹತ್ತಕ್ಕೆ ತಿರುಗಿಸಿದೆ.

"ಮುಖಕ್ಕೆ ಹಿಡೀಬೇಡ ಕಣೇ," ಎಂದು ಕೈ ಅಡ್ಡ ಹಿಡಿದು ಕೂಗಿದ, "ನಾನೆಲ್ಲೂ ಓಡಿ ಹೋಗಲ್ಲ!"